ಬರದಲ್ಲಿ ಬಿ.ಟಿ ಹತ್ತಿ ಏನಾಗುತ್ತದೆ ಎಂಬುದನ್ನು ಬೀಜದ ಪಾಕೀಟಿನ ಮೇಲೆ ಬರೆಯಿರಿ

ಮಾನ್ಯ ಸಂಪಾದಕರೇ,

ರೋಹಿಣಿ ಮಳೆ ಬಿದ್ದರೆ ಸಾಕು, ಹಾವೇರಿ ಜಿಲ್ಲೆಯ ನಮ್ಮ ಕಡೆ ಕಟ್ಟೆಯ ಮೇಲೆ ಕುಳಿತವರೆಲ್ಲ ಕೇಳುವುದು ಒಂದೇ ಮಾತು: ಈ ಸಲ ಯಾವ ಪಾಕೀಟು? ಹತ್ತಿ ಬೀಜದ ಪಾಕೀಟಿನ ಮೇಲೆ ಬಿರಿದ ಕಾಯಿಗಳ ಬಣ್ಣದ ಚಿತ್ರವಿರುತ್ತದೆ, ಬೆಲೆಯಿರುತ್ತದೆ, ಮೊಳಕೆಯ ಪ್ರಮಾಣವಿರುತ್ತದೆ. ಮಳೆ ತಿಂಗಳುಗಟ್ಟಲೆ ಕೈಕೊಟ್ಟರೆ ಈ ಗಿಡ ಏನು ಮಾಡುತ್ತದೆ, ಹೊಲದಲ್ಲಿ ಎರಡು ದಿನ ನೀರು ನಿಂತರೆ ಗಿಡದೊಳಗಿನ, ಹುಳು ಕೊಲ್ಲುವ ಬಿ.ಟಿ ಪ್ರೋಟೀನು ಎಷ್ಟು ಉಳಿಯುತ್ತದೆ ಎಂದು ತಿಳಿಸುವ ಒಂದು ಸಾಲೂ ಇರುವುದಿಲ್ಲ. ಮಳೆ ನಂಬಿ ಬಿತ್ತುವ ನಮ್ಮಂಥವರಿಗೆ ಬೇಕಾದದ್ದು ಆ ಸಾಲು.

ನಾನು ಬಿ.ಟಿ ಹತ್ತಿಯ ವಿರೋಧಿಯಲ್ಲ. 2002ಕ್ಕೂ ಮೊದಲಿನ ದಿನಗಳು ಕಣ್ಣಿಗೆ ಕಟ್ಟಿದಂತಿವೆ. ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿ ಹಿಡಿದು ಮನೆಮಂದಿಯೆಲ್ಲ ಸಾಲು ಸಾಲು ನಡೆದು ಹಸಿರು ಕಾಯಿಕೊರಕದ ಹುಳುಗಳನ್ನು ಕೈಯಿಂದ ಆರಿಸಿ ಹಾಕುತ್ತಿದ್ದೆವು. ಮರುದಿನ ಹೋದರೆ ಅಷ್ಟೇ ಹುಳು. ವಾರಕ್ಕೊಮ್ಮೆ ಔಷಧಿ ಹೊಡೆದು ಅಪ್ಪನ ಕಣ್ಣು ಕೆಂಪಾಗಿರುತ್ತಿತ್ತು. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತಂದ ಜೀನು ಆ ಹುಳುವನ್ನು ತಡೆದದ್ದು ನಿಜ, ಅದರ ಋಣ ನನ್ನ ಮೇಲಿದೆ. ಆದರೆ ಆ ಜೀನು ಮಾಡುವ ಕೆಲಸ ಅದೊಂದೇ. ಬರ ತಾಳುವ ಶಕ್ತಿಯನ್ನಾಗಲಿ, ನೀರು ನಿಂತರೆ ಉಸಿರು ಹಿಡಿದು ನಿಲ್ಲುವ ಶಕ್ತಿಯನ್ನಾಗಲಿ ಅದು ಕೊಡುವುದಿಲ್ಲ. ಬೀಜ ಮಾರುವವರು ಈ ವ್ಯತ್ಯಾಸವನ್ನು ನಮಗೆ ಬಿಡಿಸಿ ಹೇಳಿದ್ದೇ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಘೆ ಮಳೆ ಹುಸಿಯಿತು, ಹುಬ್ಬೆಯೂ ಹುಸಿಯಿತು. ಎರೆಹೊಲ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಹಾಗಿದ್ದರೂ ಗಿಡದ ತುಂಬ ಕಾಯಿ, ಒಂದೊಂದರಲ್ಲಿ ನಲವತ್ತರ ಮೇಲೆ. ಉತ್ತರೆ ಮಳೆ ಒಂದೇ ರಾತ್ರಿ ಸುರಿದು ಸಾಲುಗಳ ನಡುವೆ ನೀರು ನಿಂತಿತು. ಮರುದಿನ ಚುರುಕು ಬಿಸಿಲು. ಬೆಳಿಗ್ಗೆ ನೆಟ್ಟಗಿದ್ದ ಗಿಡಗಳು ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಜೋತುಬಿದ್ದಿದ್ದವು. ಬೇರು ಕಿತ್ತು ನೋಡಿದೆ. ಕೊಳೆತಿರಲಿಲ್ಲ, ಹುಳುವೂ ಇರಲಿಲ್ಲ. ಅಂಗಡಿಯವರು ರೋಗವೆಂದು ಹೇಳಿ ಶಿಲೀಂಧ್ರನಾಶಕ ಕೊಟ್ಟರು. ಹೊಡೆದೆ, ಗಿಡಗಳು ಏಳಲಿಲ್ಲ. ನಾಲ್ಕನೇ ದಿನಕ್ಕೆ ಎಲೆ ಉದುರಿ, ಎಳೆಗಾಯಿಗಳು ಗಿಡದ ಮೇಲೆಯೇ ಒಣಗಿದವು.

ಅದು ರೋಗವಲ್ಲ, ಪ್ಯಾರಾವಿಲ್ಟ್ ಎಂಬ ದಿಢೀರ್ ಸೊರಗು ಎಂದು ಕೃಷಿ ವಿಜ್ಞಾನಿಯೊಬ್ಬರು ಆಮೇಲೆ ತಿಳಿಸಿದರು. ನೀರು ನಿಂತಾಗ ಬೇರಿಗೆ ಗಾಳಿ ಸಿಗದೆ ಅದು ನೀರನ್ನು ಮೇಲಕ್ಕೆತ್ತುವುದನ್ನು ನಿಲ್ಲಿಸುತ್ತದೆ, ಮೇಲೆ ಬಿಸಿಲಿಗೆ ಎಲೆಗಳು ನೀರು ಕಳೆದುಕೊಳ್ಳುತ್ತಲೇ ಇರುತ್ತವೆ. ಕಾಯಿಭಾರ ಹೆಚ್ಚಿರುವ, ವೇಗವಾಗಿ ಬೆಳೆಯುವ ಹೈಬ್ರಿಡ್‌ಗಳೇ ಮೊದಲು ಬೀಳುತ್ತವೆ. ಬಾಡಲು ಶುರುವಾದ ಕೂಡಲೇ ನೀರು ಬಸಿದು, ಲೀಟರಿಗೆ 10 ಮಿಲಿಗ್ರಾಂನಂತೆ ಕೋಬಾಲ್ಟ್ ಕ್ಲೋರೈಡ್ ಸಿಂಪಡಿಸಿದ್ದರೆ ಬಹಳಷ್ಟು ಗಿಡ ಉಳಿಯುತ್ತಿದ್ದವಂತೆ. ಎರಡು ದಿನ ತಡವಾದರೆ ಉಪಯೋಗವಿಲ್ಲ. ನನಗೆ ತಿಳಿದದ್ದು ಹದಿನೈದು ದಿನದ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಓದುಗರು ದಯವಿಟ್ಟು ಗಮನಿಸಬೇಕು. ಹಿಂದೆ ಮೊದಮೊದಲ ಮೊಗ್ಗುಗಳನ್ನು ಹುಳು ತಿಂದು ಉದುರಿಸುತ್ತಿತ್ತು. ನಷ್ಟವೇ ಸರಿ, ಆದರೆ ಗಿಡಕ್ಕೆ ಬೇರು ಇಳಿಸಿ ಟೊಂಗೆ ಚಾಚಲು ಹೊತ್ತು ಸಿಗುತ್ತಿತ್ತು. ಬಿ.ಟಿ ಗಿಡದಲ್ಲಿ ಆ ಮೊಗ್ಗುಗಳು ಉಳಿದು ಒಟ್ಟಿಗೇ ಕಾಯಿಯಾಗುತ್ತವೆ. ಎಲ್ಲ ಕಾಯಿಗೂ ಒಂದೇ ಕಾಲಕ್ಕೆ ನೀರು, ಸಾರಜನಕ, ಮೆಗ್ನೀಷಿಯಂ ಬೇಕು. ನೆಲದಲ್ಲಿ ತೇವವಿಲ್ಲದಾಗ ಬೇರು ಎಲ್ಲಿಂದ ತಂದೀತು? ಗಿಡ ತನ್ನ ಎಲೆಯನ್ನೇ ಕರಗಿಸಿ ಕಾಯಿಗೆ ಉಣಿಸುತ್ತದೆ. ಮೇಲೆ ರಾತ್ರಿಯ ಚಳಿ ಸೇರಿದರೆ ಎಲೆಯ ಅಂಚು ಕೆಂಪೇರಿ, ವಾರದಲ್ಲಿ ಇಡೀ ಹೊಲ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಧಾರವಾಡದಿಂದ ರಾಯಚೂರಿನವರೆಗೆ ಹತ್ತಿ ಬೆಳೆದವರೆಲ್ಲ ಈ ಕೆಂಪನ್ನು ಕಂಡವರೇ. ಹೂ ಬಿಡುವ ಹೊತ್ತಿನಿಂದ ಶೇ 1ರ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿದರೆ ತಕ್ಕಮಟ್ಟಿಗೆ ತಡೆಯಬಹುದು. ಹುಳುವಿನಿಂದ ಉಳಿಸಿದ ಕಾಯಿಯನ್ನು ಸಾಕಲು ಗೊಬ್ಬರ ಮತ್ತು ನೀರು ಹೆಚ್ಚು ಬೇಕು ಎಂಬ ಈ ಸರಳ ಸಂಗತಿ ಪಾಕೀಟಿನ ಮೇಲೆ ಇರಬಾರದೇ?

ಬಿ.ಟಿ ಪ್ರೋಟೀನಿನ ಸ್ಥಿತಿ ಇನ್ನೂ ಚಿಂತೆಯದು. ಜೀನು ಇದೆ ಎಂದ ಮಾತ್ರಕ್ಕೆ ಅದರ ಫಲ ಗಿಡದ ಎಲ್ಲ ಭಾಗದಲ್ಲೂ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದೇ ಒಂದು ಬಿ.ಟಿ ಜೀನಿರುವ ಹೈಬ್ರಿಡ್‌ಗಳನ್ನು ಅಳೆದು 2005ರಲ್ಲೇ ಇದನ್ನು ಪ್ರಕಟಿಸಿದರು. ಪ್ರೋಟೀನು ಎಲೆಯಲ್ಲಿ ಹೆಚ್ಚು, ಹುಳುವಿಗೆ ಇಷ್ಟವಾದ ಮೊಗ್ಗು, ಹೂವಿನ ಅಂಡಾಶಯ, ಕಾಯಿಯ ಸಿಪ್ಪೆಯಲ್ಲಿ ಕಡಿಮೆ. ಬಿತ್ತಿದ 110 ದಿನ ಕಳೆಯುವ ಹೊತ್ತಿಗೆ ಹಸಿರು ಕಾಯಿಕೊರಕವನ್ನು ಕೊಲ್ಲಲು ಬೇಕಾದ ಮಟ್ಟಕ್ಕಿಂತ ಕೆಳಗೆ. ಕಾಯಿ ಕಟ್ಟುವ ಹಂತದಲ್ಲಿ 37 ಡಿಗ್ರಿ ಶಾಖಕ್ಕೆ ಒಡ್ಡಿದಾಗ ಎಲೆಯ ಬಿ.ಟಿ ಪ್ರೋಟೀನು ಇಳಿಯುವುದನ್ನು ಚೀನಾದ ಸಂಶೋಧಕರು ತೋರಿಸಿದ್ದಾರೆ. ನೀರು ನಿಂತರೂ ಇಳಿಯುತ್ತದೆ, ಸಾರಜನಕ ಕಡಿಮೆಯಾದರೂ ಇಳಿಯುತ್ತದೆ. ಕಾರಣ ಕಷ್ಟದ್ದಲ್ಲ: ಅದೂ ಒಂದು ಪ್ರೋಟೀನು, ಸಾರಜನಕದಿಂದ ಆದದ್ದು. ಗಿಡ ಸಂಕಟದಲ್ಲಿ ತನ್ನ ಪ್ರೋಟೀನುಗಳನ್ನು ಒಡೆದುಕೊಳ್ಳುವಾಗ ಬಿ.ಟಿಯನ್ನು ಮಾತ್ರ ಬೇರೆ ತೆಗೆದಿಡುವುದಿಲ್ಲ.

ಜೂನ್ ಮಧ್ಯದಲ್ಲಿ ಬಿತ್ತಿದರೆ 110 ದಿನ ಎಂದರೆ ಹಸ್ತ ಮಳೆಯ ಹೊತ್ತು. ಹತ್ತಿಯ ಇನ್ನೊಂದು ಹುಳುವಾದ ಗುಲಾಬಿ ಕಾಯಿಕೊರಕ ಜೋರಾಗುವುದೂ ಅಲ್ಲಿಂದ ಮುಂದೆಯೇ. ಅದರ ಹಾವಳಿಗೆಲ್ಲ ಬಿಸಿಲು, ಬರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಹುಳು ನಿರೋಧಕ ಶಕ್ತಿ ಬೆಳೆಸಿಕೊಂಡಿದೆ. 2006ರಲ್ಲಿ ಬಂದ ಎರಡು ಬಿ.ಟಿ ಜೀನಿನ ಹತ್ತಿಯನ್ನೂ ಗುಜರಾತಿನಿಂದ ಶುರುಮಾಡಿ ಅದು ಗೆದ್ದುಕೊಂಡು ಬಂದಿದೆ. ಆದರೆ ಅರೆಬರೆ ಪ್ರಮಾಣದ ವಿಷ ತಿಂದು ಬದುಕುವ ಹುಳುಗಳಿಂದಲೇ ನಿರೋಧಕ ಸಂತತಿ ಬೆಳೆಯುವುದು. ಅದರ ಮೇಲೆ ನಮ್ಮ ಹೈಬ್ರಿಡ್‌ಗಳ ಒಂದೇ ಕಾಯಿಯೊಳಗೆ ಬಿ.ಟಿ ಇರುವ ಬೀಜವೂ ಇಲ್ಲದ ಬೀಜವೂ ಬೆರೆತಿರುತ್ತವೆ, ಹಾಗಾಗಿ ಹುಳುವಿಗೆ ಅರೆಬರೆ ವಿಷವೇ ಸಿಗುತ್ತದೆ. ಕಳೆದ ಕಾರ್ತಿಕದಲ್ಲಿ ಹೊರಗಿನಿಂದ ಒಂದು ತೂತೂ ಕಾಣದ ಕಾಯಿಯನ್ನು ಹೆಬ್ಬೆರಳ ಉಗುರಿನಿಂದ ಸೀಳಿ ನೋಡಿದೆ. ಎರಡು ಬೀಜಗಳನ್ನು ಅಂಟಿಸಿಕೊಂಡು ಅದರ ಟೊಳ್ಳಿನಲ್ಲಿ ಗುಲಾಬಿ ಬಣ್ಣದ ಹುಳು ಮಲಗಿತ್ತು. ಸುತ್ತಲ ಅರಳೆ ಹಳದಿಗಟ್ಟಿತ್ತು.

ಹೈಬ್ರಿಡ್ ಅಲ್ಲದ ದಾರಿಯೂ ನಮಗಿತ್ತು. ನಾಗಪುರದ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಎಂಬ ಬಿ.ಟಿ ತಳಿಯನ್ನು ರೂಪಿಸಿದ್ದವು. ರೈತ ಬೀಜ ಉಳಿಸಿಕೊಳ್ಳಬಹುದಾದ ತಳಿ. 2008ರಲ್ಲಿ ಅನುಮೋದನೆ ಸಿಕ್ಕಿತು, ಆಮೇಲೆ ಬೇರೆ ಜೀನು ಬೆರೆತಿದೆ ಎಂಬ ವಿವಾದದಲ್ಲಿ ಹಿಂದಕ್ಕೆ ಹೋಯಿತು. ಆ ಕೆಲಸ ಅಲ್ಲಿಗೇ ನಿಂತದ್ದು ನನಗೆ ಇಂದಿಗೂ ನೋವು. ಬರಕ್ಕೆ ಜಗ್ಗದ ನಮ್ಮ ಜಯಧರ ಹತ್ತಿಯನ್ನು ಈಗ ಹುಡುಕಬೇಕಾಗಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅದರಲ್ಲೊಂದು, ರಾಯಚೂರು, ಕೊಪ್ಪಳದ ರೈತರಿಗೆ ಚಿರಪರಿಚಿತವಾದ 1010 ಭತ್ತದಿಂದಲೇ ಮಾಡಿದ, ಬರ ಮತ್ತು ಸವುಳನ್ನು ತಾಳಬೇಕಾದ ತಳಿ. ಹೊರಗಿನ ಜೀನು ಸೇರಿಸದ ಇಂಥ ಬೆಳೆಗಳನ್ನು 2022ರಲ್ಲೇ ಕುಲಾಂತರಿ ನಿಯಮಗಳ ಬಿಗಿಯಿಂದ ಹೊರಗಿಡಲಾಗಿದೆ. ತುಂಗಭದ್ರಾ ಕಾಲುವೆಯ ಕೊನೆಯ ಭಾಗದಲ್ಲಿ ಸವುಳಾದ ಗದ್ದೆಗಳಿಗೆ ಇದು ನಿಜಕ್ಕೂ ಒಗ್ಗಿದರೆ ನನಗಿಂತ ಸಂತೋಷಪಡುವವರಿಲ್ಲ. ಆದರೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಬರ ನಿರೋಧಕ ಕುಲಾಂತರಿ ಮೆಕ್ಕೆಜೋಳದ ವಿಷಯದಲ್ಲಿ, ಅದಕ್ಕೆ ಸರಿಸಾಟಿಯಾದ ಸಾಮಾನ್ಯ ತಳಿಗಳು ಈಗಾಗಲೇ ಇವೆ ಎಂದು ಅಲ್ಲಿನ ಕೃಷಿ ಇಲಾಖೆಯೇ ಬರೆದಿತ್ತು. ಬರ ಎಂಬುದು ಒಂದು ಜೀನಿಗೆ ಬಗ್ಗುವ ಹುಳುವಲ್ಲ. ಮೊಳಕೆಯ ಹೊತ್ತಿನ ಬರ ಬೇರೆ, ಹೂವಿನ ಹೊತ್ತಿನ ಬರ ಬೇರೆ, ಬರದ ಬೆನ್ನಿಗೇ ಬರುವ ಅತಿವೃಷ್ಟಿ ಬೇರೆ.

ಆದ್ದರಿಂದ ಸರ್ಕಾರವನ್ನೂ ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳನ್ನೂ ನಾನು ಕೇಳಿಕೊಳ್ಳುವುದಿಷ್ಟೆ. ಕುಲಾಂತರಿಯಾಗಲಿ ಜೀನ್ ತಿದ್ದಿದ್ದಾಗಲಿ, ಬೀಜವನ್ನು ನೀರಾವರಿಯ ಮಡಿಯಲ್ಲಷ್ಟೇ ಅಲ್ಲ, ಮಳೆಯಾಶ್ರಿತ ಎರೆಹೊಲದಲ್ಲೂ ಕೆಂಪು ಮಸಾರಿಯಲ್ಲೂ ಕನಿಷ್ಠ ಮೂರು ಹಂಗಾಮು ಬೆಳೆಸಿ. 60, 90, 120ನೇ ದಿನಕ್ಕೆ ಕಾಯಿಯಲ್ಲಿ ಬಿ.ಟಿ ಪ್ರೋಟೀನು ಎಷ್ಟಿತ್ತು, ಆ ವಾರದ ಬಿಸಿಲು, ತೇವ ಎಷ್ಟಿತ್ತು ಎಂದು ಅಳೆಯಿರಿ. ಕೆಟ್ಟ ವರ್ಷದ ಅಂಕಿಗಳನ್ನೂ ಬಿಡದೆ ಪ್ರಕಟಿಸಿ. ಮಳೆ ತಡೆದಾಗ, ನೀರು ನಿಂತಾಗ, ಎಲೆ ಕೆಂಪಾದಾಗ ಎರಡು ದಿನದೊಳಗೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಪಾಕೀಟಿನ ಹಿಂದೆ ಅಚ್ಚು ಹಾಕಿಸಿ. ಮುಂದಿನ ರೋಹಿಣಿ ಮಳೆಗೆ ಮೊದಲು ಅದು ನಮ್ಮ ಕೈಸೇರಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹತ್ತಿ ಬೆಳೆಗಾರ
ಹಾವೇರಿ ಜಿಲ್ಲೆ