ಗುಂಡನಿಗೆ, ಅರಾಲ್ಡೈಟ್ ಕೈಯಿಂದ

ಲೋ ಗುಂಡಾ,

ನಿನಗೊಬ್ಬನಿಗೇ ಬರೆದರೆ ಉತ್ತರ ಬರುವುದಿಲ್ಲ. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಬರೆಯುತ್ತೀಯ ಅಂತ ಇಲ್ಲೇ ಹಾಕುತ್ತಿದ್ದೇನೆ.

ನನ್ನ ಹೊಸ ಹುಚ್ಚು ಗೊತ್ತಲ್ಲ? ಒಡೆದ ಪಿಂಗಾಣಿ ಅಂಟಿಸುವುದು. ಜಪಾನಿನವರ ಹಾಗೆ ಚಿನ್ನದ ಗೆರೆ ಎಳೆಯುವುದಲ್ಲ ಮಾರಾಯ, ಚಿನ್ನದ ರೇಟು ನೋಡಿದ್ದೀಯಾ? ನಂದು ಅರಾಲ್ಡೈಟ್. ಎರಡು ಟ್ಯೂಬಿನಿಂದ ಸಮಸಮ ಹಿಂಡಿ, ಕಡ್ಡಿಯಲ್ಲಿ ಕಲಸಿ, ತೆಳ್ಳಗೆ ಸವರಬೇಕು. ಜಾಸ್ತಿ ಹಚ್ಚಿದರೆ ಗಟ್ಟಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸುಳ್ಳು. ಒಂದೊಂದು ಸಂದಿಯಲ್ಲೂ ಕೂದಲೆಳೆಯಷ್ಟು ಅಂಟು ಉಬ್ಬಿದರೆ ಸಾಕು, ಕೊನೆಯ ಚೂರು ಜಾಗಕ್ಕೆ ಕೂರುವುದೇ ಇಲ್ಲ. ಅದಕ್ಕೇ ಮೊದಲು ಬರೀ ಟೇಪ್ ಹಾಕಿ ಜೋಡಿಸಿ, ಯಾವುದು ಮೊದಲು ಯಾವುದು ಕೊನೆಗೆ ಅಂತ ನೋಡಿಕೊಳ್ಳಬೇಕು. ಅಂಟಿಸಿದ ಮೇಲೆ ಮರಳಿನ ಡಬ್ಬಿಯಲ್ಲಿ ಬೀಳದ ಹಾಗೆ ಹೂತು, ರಾತ್ರಿಯಿಡೀ ಮುಟ್ಟಬಾರದು. ಫೆವಿಕ್ವಿಕ್ ಆದರೆ ಯೋಚಿಸಲು ಪುರುಸೊತ್ತೇ ಕೊಡುವುದಿಲ್ಲ. ಸೊಟ್ಟ ಕೂತರೆ ಸೊಟ್ಟವೇ. (ನಿನ್ನ ಚಪ್ಪಲಿ ಕಥೆ ಇಲ್ಲಿ ಹೇಳಲ್ಲ ಬಿಡು.)

ಇಷ್ಟು ಮಾಡಿದರೂ ಆ ಕಪ್ಪಿಗೆ ಕಾಫಿ ಹಾಕುವ ಹಾಗಿಲ್ಲ. ಬಿಸಿಗೆ ಅಂಟು ಮೆತ್ತಗಾಗುತ್ತೆ, ಹಿಡಿ ಕೈಯಲ್ಲೇ ಉಳಿದೀತು. ತಿನ್ನುವ ಕುಡಿಯುವ ಪದಾರ್ಥ ತಾಗುವ ಕಡೆಯಂತೂ ಬೇಡವೇ ಬೇಡ. ಹಾಗಾಗಿ ನಮ್ಮನೆಯಲ್ಲಿ ಈಗ ಜನರಿಗಿಂತ ಪೆನ್ ಸ್ಟ್ಯಾಂಡ್ ಜಾಸ್ತಿ.

2006ರಲ್ಲಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ಒಬ್ಬಾತ ಶೂ ಲೇಸ್ ತೊಡರಿ ಮೆಟ್ಟಿಲ ಮೇಲೆ ಮುಗ್ಗರಿಸಿದ. ಕಿಟಕಿಯ ಕಟ್ಟೆ ಮೇಲಿದ್ದ ಮೂರು ಚೀನೀ ಹೂದಾನಿಗಳು, ಸುಮಾರು 300 ವರ್ಷ ಹಳೆಯವು, ಪುಡಿಪುಡಿ. ಆಮೇಲೆ ಚೂರು ಆಯ್ದು, ಅಂಟಿಸಿ, ಮತ್ತೆ ಪ್ರದರ್ಶನಕ್ಕಿಟ್ಟರು. ಎಲ್ಲರೂ ಬಿದ್ದವನ ಬಗ್ಗೆ ಮಾತಾಡಿದರು. ನನಗೆ ಮಾತ್ರ ಅಂಟಿಸಲು ಯಾರಿಗೆ ಫೋನ್ ಹೋಯಿತೋ ಅವರದ್ದೇ ಯೋಚನೆ. ಬಾಯಲ್ಲಿ ‘ಅಯ್ಯೋ’ ಅಂದಿರುತ್ತಾರೆ. ಒಳಗೊಳಗೆ?

ಯಾಕೆ ಕೇಳಿದೆ ಅಂದರೆ, ಮೊನ್ನೆ ಅಡುಗೆಮನೆಯಲ್ಲಿ ಫಳಾರ್ ಅಂತ ಸದ್ದಾಯಿತು. ಮಗಳು ಅಳುತ್ತಾ ನಿಂತಿದ್ದಳು. ಓಡಿಹೋದವನು ‘ಕಾಲಿಗೆ ಚುಚ್ಚಿತಾ’ ಅಂತ ಕೇಳಲಿಲ್ಲ. ‘ಚೂರು ಗುಡಿಸಬೇಡ’ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ನಗುತ್ತಿದ್ದೆ ಕಣೋ.

ಕೆಲಸ ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಕರೆಂಟ್ ಬಿಲ್ಲು ಮಗನ ಫೋನಿನಲ್ಲೇ ಮುಗಿಯುತ್ತೆ. ತರಕಾರಿ ಬಾಗಿಲಿಗೇ ಬರುತ್ತೆ. ಏನಾದರೂ ಒಡೆದರೆ ಮಾತ್ರ ‘ಅಪ್ಪಾ’ ಅಂತಾರೆ. ಈಗ ಯಾರಾದರೂ ಮೇಜಿನ ಅಂಚಿಗೆ ಬಟ್ಟಲು ಇಟ್ಟರೆ ನಾನು ಒಳಗೆ ಸರಿಸುವುದಿಲ್ಲ. ಸುಮ್ನೆ ನೋಡುತ್ತಾ ಕೂರುತ್ತೇನೆ.

ಥೂ, ಇದನ್ನೆಲ್ಲ ಬರೆಯಬೇಕು ಅಂತಿರಲಿಲ್ಲ. ನಮ್ಮವಳು ಬೇರೆ ಓದುತ್ತಾಳೆ. ಕೇಳು ಮಾರಾಯ್ತಿ, ಆ ನೀಲಿ ಹೂವಿನ ಪ್ಲೇಟನ್ನು ನಾನು ಮುಟ್ಟಿಲ್ಲ!

ಗುಂಡಾ, ನಿಮ್ಮನೆ ಟೀ ಸೆಟ್ಟಿನಲ್ಲಿ ಒಂದು ಕಪ್ಪು ಒಡೆದಿದೆ ಅಂದಿದ್ದೆಯಲ್ಲ, ಇಡೀ ಸೆಟ್ಟೇ ಕೊರಿಯರ್ ಮಾಡು. ಹುಷಾರಾಗಿ ಪ್ಯಾಕ್ ಮಾಡಬೇಕು ಅಂತೇನಿಲ್ಲ.

ನಿನ್ನ,
ಸೀನ