ಗ್ರಂಥಾಲಯದ ಬಾಗಿಲು ರಾತ್ರಿಯೂ ತೆರೆದಿರಲಿ

ಮಾನ್ಯ ಸಂಪಾದಕರೇ,

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ಅತಿಥಿ ಉಪನ್ಯಾಸಕಿ. ಜೊತೆಗೆ ವಿಶ್ವವಿದ್ಯಾಲಯವೊಂದರಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಶಾಸನಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಸಂಜೆ ಬೇಗ ಬಾಗಿಲು ಹಾಕುವುದರಿಂದ ವಿದ್ಯಾರ್ಥಿಗಳಿಗೆ ಏನು ತಪ್ಪಿಹೋಗುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳ ಒಂದು ಸಂಜೆಯ ಸಂಗತಿ. ಪಾಠ ಮುಗಿಸಿ, ಬಸ್ಸು ಹಿಡಿದು ನಾನು ಗ್ರಂಥಾಲಯ ಸೇರುವಷ್ಟರಲ್ಲಿ ನಾಲ್ಕೂವರೆ ಆಗಿತ್ತು. ಪರಾಮರ್ಶನ ವಿಭಾಗದಲ್ಲಿ ಎಂ.ಎ. ವಿದ್ಯಾರ್ಥಿನಿಯೊಬ್ಬಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟವೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಬಿ.ಎಲ್. ರೈಸ್ ಅವರು 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಈ ಶಾಸನ ಸಂಗ್ರಹವನ್ನು ಬಳಸಿದವರಿಗೆ ಅದರ ಕಷ್ಟ ಗೊತ್ತು: ಶಾಸನದ ಕನ್ನಡ ಪಾಠ ಒಂದೆಡೆ, ರೋಮನ್ ಲಿಪಿಯ ಪಾಠ ಮತ್ತೊಂದೆಡೆ, ಇಂಗ್ಲಿಷ್ ಅನುವಾದ ಇನ್ನೊಂದೆಡೆ. ಒಂದೇ ಒಂದು ವೀರಗಲ್ಲಿನ ಬರಹವನ್ನು ಸರಿಯಾಗಿ ತಿಳಿದುಕೊಳ್ಳಬೇಕಾದರೂ ಮೂರು ಕಡೆ ಪುಟ ತೆರೆದಿಟ್ಟುಕೊಂಡು ಹಿಂದೆ ಮುಂದೆ ತಿರುವುತ್ತಿರಬೇಕು. ಆಕೆ ಆ ಮೂರು ಜಾಗಗಳಲ್ಲಿ ಗುರುತಿಗೆಂದು ಬಸ್ಸಿನ ಶೂನ್ಯ ದರದ ಟಿಕೆಟ್‌ಗಳನ್ನು ಸಿಕ್ಕಿಸಿದ್ದಳು. ಐದೂಕಾಲಿಗೆ ಬಾಗಿಲ ಕಡೆಯಿಂದ ಒಂದೊಂದೇ ಸಾಲಿನ ಟ್ಯೂಬ್‌ಲೈಟುಗಳು ಆರತೊಡಗಿದವು. ಆಕೆ ಗಡಿಬಿಡಿಯಲ್ಲಿ ಎದ್ದು ನಿಂತು, ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು, ಮೊಬೈಲಿನಲ್ಲಿ ಪುಟಗಳ ಫೋಟೊ ತೆಗೆದುಕೊಂಡಳು. ಮರುದಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಆ ಚಿತ್ರಗಳನ್ನು ನನಗೆ ತೋರಿಸಿದಳು. ದಪ್ಪ ಸಂಪುಟವಾದ್ದರಿಂದ ಹೊಲಿಗೆಯ ಕಡೆಗಿನ ಅಕ್ಷರಗಳೆಲ್ಲ ಬಾಗಿ, ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರಗಳು ನೆರಳಿನಲ್ಲಿ ಮುಳುಗಿದ್ದವು. ಶಾಸನ ಓದುವವರಿಗೆ ಒಂದು ಅಕ್ಷರ ತಪ್ಪಿದರೆ ಊರಿನ ಹೆಸರೇ ಬದಲಾಗಿಬಿಡುತ್ತದೆ.

ಈ ಸಂಪುಟಗಳನ್ನು ಮನೆಗೆ ಕೊಡುವುದಿಲ್ಲ, ಕೊಡಬಾರದು ಕೂಡ. ನೂರು ವರ್ಷ ದಾಟಿದ ಕಾಗದ ಚೀಲದಲ್ಲಿ ಓಡಾಡುವಂಥದ್ದಲ್ಲ. ಮೈಸೂರು ವಿಶ್ವವಿದ್ಯಾಲಯವು 1970ರ ದಶಕದಿಂದ ಹೊರತಂದ ಪರಿಷ್ಕೃತ ಸಂಪುಟಗಳನ್ನೂ ಅಲ್ಲಿಯೇ ಕುಳಿತು ಓದಬೇಕು. ಹಾಗಿದ್ದ ಮೇಲೆ, ಕುಳಿತು ಓದಲು ವೇಳೆಯನ್ನಾದರೂ ಕೊಡಬೇಕಲ್ಲವೇ? ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತರಗತಿ, ಐದೂವರೆಗೆ ಗ್ರಂಥಾಲಯ ಬಂದ್, ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಬೀಗ ಎಂದರೆ ವಿದ್ಯಾರ್ಥಿಗೆ ದಿನಕ್ಕೆ ಉಳಿಯುವುದು ಒಂದೂವರೆ ಗಂಟೆ. ನನ್ನಂತೆ ದುಡಿಯುತ್ತಾ ಓದುವವರಿಗೆ ಅಷ್ಟೂ ಉಳಿಯುವುದಿಲ್ಲ.

ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು. ಆ ಸೂತ್ರವನ್ನು ವಿವರಿಸುವಾಗ ಅವರು ಗ್ರಂಥಾಲಯ ಎಲ್ಲಿರಬೇಕು, ಒಳಗಿನ ಮೇಜು ಕುರ್ಚಿಗಳು ಹೇಗಿರಬೇಕು ಎಂಬುದರ ಜೊತೆಗೆ, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೂ ಚರ್ಚಿಸಿದ್ದಾರೆ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದ್ದೂ ಅಲ್ಲಿಯೇ. ಪ್ರತಿ ಆಗಸ್ಟ್ 12ರಂದು ಅವರ ಜನ್ಮದಿನವನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಅವರ ಭಾವಚಿತ್ರಕ್ಕೆ ಹಾರ ಹಾಕಿದ ಅದೇ ಸಭಾಂಗಣದ ಪಕ್ಕದ ಓದುವ ಕೊಠಡಿ ಆ ಸಂಜೆಯೂ ಐದೂವರೆಗೇ ಮುಚ್ಚಿದ್ದನ್ನು ಕಂಡು ನನಗೆ ನಿಜವಾಗಿ ನೋವಾಯಿತು.

ಈಗ ಎಲ್ಲವೂ ಆನ್‌ಲೈನಿನಲ್ಲಿ ಸಿಗುತ್ತದೆ, ಕಟ್ಟಡವೇಕೆ ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿತು. ಸುಮಾರು 13,000 ವಿದ್ವತ್ ನಿಯತಕಾಲಿಕಗಳು 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಲಭ್ಯವಾಗಿವೆ. ಒಂದು ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುವ ಪ್ರಕಾಶಕರ ಪತ್ರಿಕೆಗಳು ಹಳ್ಳಿಯ ವಿದ್ಯಾರ್ಥಿಗೂ ಉಚಿತವಾಗಿ ಸಿಗುವುದೆಂದರೆ ಅದು ಸಣ್ಣ ಮಾತಲ್ಲ. ಆದರೆ ಆ ಪ್ರವೇಶ ಕ್ಯಾಂಪಸ್ಸಿನ ಇಂಟರ್‌ನೆಟ್ ಸಂಪರ್ಕಕ್ಕೆ ಮಾತ್ರ ಕಟ್ಟುಬಿದ್ದಿದ್ದರೆ, ಕ್ಯಾಂಪಸ್ಸಿನ ಕಂಪ್ಯೂಟರ್ ಕೊಠಡಿ ಮುಚ್ಚಿದೊಡನೆ ಅದೂ ಮುಚ್ಚಿದಂತೆಯೇ. ಮನೆಯಿಂದಲೂ ಲಾಗಿನ್ ಆಗಲು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಇನ್‌ಫೆಡ್’ ವ್ಯವಸ್ಥೆ ಇದೆ. ವಿಶ್ವವಿದ್ಯಾಲಯ ಅದಕ್ಕೆ ಸೇರಿ, ಪ್ರವೇಶ ಪಡೆದ ದಿನವೇ ಪ್ರತಿ ವಿದ್ಯಾರ್ಥಿಗೂ ಖಾತೆ ತೆರೆದುಕೊಡಬೇಕು. ನನ್ನ ಜೊತೆಗಿರುವ ಸಂಶೋಧನಾರ್ಥಿಗಳಲ್ಲಿ ಹೆಚ್ಚಿನವರು ಇಂಥದ್ದೊಂದು ಸೌಲಭ್ಯದ ಹೆಸರನ್ನೇ ಕೇಳಿರಲಿಲ್ಲ.

ಕನ್ನಡದಲ್ಲಿ ಓದಿ ಬರೆಯುವವರ ಪಾಡು ಇನ್ನೂ ಬೇರೆ. ಆ ನಿಯತಕಾಲಿಕಗಳು ಬಹುಪಾಲು ಇಂಗ್ಲಿಷಿನವು. ಕನ್ನಡದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರದಲ್ಲಿವೆ ನಿಜ, ಆದರೆ ಎಷ್ಟೋ ಪ್ರಬಂಧಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿವೆ, ಇಲ್ಲವೇ ಬರಿಯ ಸ್ಕ್ಯಾನ್ ಚಿತ್ರಗಳಾಗಿವೆ. ಅವುಗಳ ಒಳಗೆ ‘ಮಾಸ್ತಿಕಲ್ಲು’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅವನ್ನು ಓದಿ ಹೇಳಲಾರದು. ಹೊಸ ಪ್ರಬಂಧಗಳನ್ನು ಯೂನಿಕೋಡಿನಲ್ಲಿಯೇ ಒಪ್ಪಿಸಬೇಕೆಂಬ ಒಂದು ಸುತ್ತೋಲೆಯಷ್ಟೇ ಸಾಕು. ಇದಕ್ಕೆ ಅನುದಾನವೇನೂ ಬೇಡ.

ಸಮಯ ವಿಸ್ತರಿಸಿದರೆ ಸಿಬ್ಬಂದಿ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ದೀಪ ಆರಿಸುವ ನೌಕರರ ಮೇಲೆ ನನಗೆ ದೂರಿಲ್ಲ. ಅವರೂ ಬಸ್ಸು ಹಿಡಿದು ಮನೆ ಸೇರಬೇಕಾದವರು, ಮೂವರ ಕೆಲಸವನ್ನು ಒಬ್ಬರೇ ಮಾಡುತ್ತಿರುವವರು. ಖಾಲಿ ಹುದ್ದೆಗಳ ಭರ್ತಿ ಆಗಲೇಬೇಕು. ಅದಕ್ಕೆ ತಡವಾಗುವುದಾದರೆ, ಗ್ರಂಥಾಲಯ ವಿಜ್ಞಾನ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟು, ಒಬ್ಬ ಕಾಯಂ ನೌಕರರ ಮೇಲ್ವಿಚಾರಣೆಯಲ್ಲಿ ಸಂಜೆಯ ಪಾಳಿಯನ್ನು ನಡೆಸಬಹುದು. ಇಡೀ ಕಟ್ಟಡ ತೆರೆಯುವುದೂ ಬೇಕಿಲ್ಲ. ಪರಾಮರ್ಶನ ವಿಭಾಗ, ಒಂದು ಓದುವ ಕೊಠಡಿ, ಹತ್ತು ಕಂಪ್ಯೂಟರ್, ಕುಡಿಯುವ ನೀರು ಮತ್ತು ಶೌಚಾಲಯ ಇಷ್ಟಿದ್ದರೆ ಸಾಕು.

ಹೆಣ್ಣುಮಕ್ಕಳ ವಿಷಯವನ್ನು ಮಾತ್ರ ಪ್ರತ್ಯೇಕವಾಗಿ ಯೋಚಿಸಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹಳ್ಳಿಯಿಂದ ದಿನಾ ಓಡಾಡಿ ಓದುವುದು ಅವರ ಪಾಲಿಗೆ ಖರ್ಚಿನ ಬಾಬತ್ತಾಗಿ ಉಳಿದಿಲ್ಲ. ಅವರು ತಡವಾಗಿ ಕುಳಿತು ಓದಬೇಕಾದರೆ ರಾತ್ರಿಯ ಬಸ್ಸು ಗ್ರಂಥಾಲಯದ ಹತ್ತಿರವೇ ಬಂದು ನಿಲ್ಲಬೇಕು. ಗ್ರಂಥಾಲಯದಿಂದ ಮಹಿಳಾ ವಸತಿನಿಲಯಕ್ಕೆ ಹೋಗುವ, ಎರಡೂ ಬದಿ ಮರಗಳಿರುವ ದಾರಿಯಲ್ಲಿ ಉರಿಯುವ ದೀಪಗಳಿರಬೇಕು. ವಸತಿನಿಲಯದ ಗೇಟಿನ ಸಮಯವನ್ನೂ ಅದಕ್ಕೆ ಹೊಂದಿಸಬೇಕು. ಈ ಮೂರೂ ಆಗದೆ ಸಮಯವನ್ನಷ್ಟೇ ವಿಸ್ತರಿಸಿದರೆ ಅದು ಹುಡುಗರಿಗೆ ಮಾತ್ರ ದಕ್ಕುವ ಸೌಲಭ್ಯವಾಗುತ್ತದೆ.

ಬರುವ ಸೆಮಿಸ್ಟರ್‌ನಲ್ಲಿ ಪ್ರಾಯೋಗಿಕವಾಗಿ, ವಾರದ ಎಲ್ಲ ದಿನ ರಾತ್ರಿ ಹತ್ತರವರೆಗೆ ಗ್ರಂಥಾಲಯವನ್ನು ತೆರೆದಿಟ್ಟು, ಎಷ್ಟು ಮಂದಿ ಬಂದರೆಂದು ಬಾಗಿಲ ಬಳಿಯ ರಿಜಿಸ್ಟರ್‌ನಲ್ಲಿ ಲೆಕ್ಕವಿಟ್ಟು, ಅನಂತರ ತೀರ್ಮಾನಿಸಲಿ ಎಂದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳನ್ನೂ ಉನ್ನತ ಶಿಕ್ಷಣ ಇಲಾಖೆಯನ್ನೂ ಕೋರುತ್ತೇನೆ. ಆ ವಿದ್ಯಾರ್ಥಿನಿ ತನ್ನ ಕಿರುಪ್ರಬಂಧವನ್ನು ಏಪ್ರಿಲ್‌ನಲ್ಲಿ ಒಪ್ಪಿಸಬೇಕಾಗಿದೆ. ಆಕೆ ಓದಬೇಕಾದ ವೀರಗಲ್ಲುಗಳು ಇನ್ನೂ ನಲವತ್ತಕ್ಕೂ ಹೆಚ್ಚು ಉಳಿದಿವೆ.

ಇಂತಿ,
ಅತಿಥಿ ಉಪನ್ಯಾಸಕಿ, ಇತಿಹಾಸ ವಿಭಾಗ
(ಹೆಸರು ಮತ್ತು ಊರನ್ನು ಪ್ರಕಟಿಸಬಾರದೆಂದು ವಿನಂತಿ)