ಮುಚ್ಚಳದ ಬಣ್ಣ ನೋಡುವವರು ಯಾರು?

ಮಾನ್ಯರೇ,

ನಮ್ಮ ಬಡಾವಣೆಯ ಜಿಮ್‌ನಲ್ಲಿ ತೂಕ ಇಳಿಸುವ ಪೆಪ್ಟೈಡ್ (ಪ್ರೋಟೀನಿನ ತುಣುಕಿನಂಥ, ನೀರಲ್ಲಿ ಬೆರೆಸಿ ಚುಚ್ಚಿಕೊಳ್ಳುವ ಔಷಧ) ಪುಡಿ ಮಾರಾಟವಾಗುತ್ತಿರುವ ಬಗ್ಗೆ ಮಂಗಳವಾರದ ವರದಿ ಓದಿದೆ. 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂದಿದ್ದಾರೆ ಅಧಿಕಾರಿಗಳು. ಸಂತೋಷ. ಅಷ್ಟರಲ್ಲಿ ನಮ್ಮ ಅಕ್ಕನ ಮಗ ಆಸ್ಪತ್ರೆ ಸೇರಿ, ಡ್ರಿಪ್ ಹಾಕಿಸಿಕೊಂಡು ಮನೆಗೂ ಬಂದಾಯಿತು. ಬಿಲ್ಲು ಕಟ್ಟಿದವನು ನಾನು.

ಜಿಮ್‌ನವರು ಅವನಿಗೆ ಕೊಟ್ಟದ್ದು 5 ಮಿಲಿಗ್ರಾಂ ಪುಡಿಯ ಸೀಸೆ, ಜೊತೆಗೊಂದು ಚೀಟಿ: 2 ಮಿ.ಲೀ. ನೀರು ಬೆರೆಸಿ 10 ಯುನಿಟ್ ಚುಚ್ಚಿಕೊಳ್ಳಿ. ಯಾವ ಸಿರಿಂಜಿನ 10 ಯುನಿಟ್? ಅದು ಚೀಟಿಯಲ್ಲಿಲ್ಲ. ಕಿತ್ತಳೆ ಮುಚ್ಚಳದ, 100ರ (ಒಂದು ಮಿ.ಲೀ.ಗೆ 100 ಯುನಿಟ್) ಇನ್ಸುಲಿನ್ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ 0.1 ಮಿ.ಲೀ., ಅಂದರೆ ಕಾಲು ಮಿಲಿಗ್ರಾಂ ಔಷಧ. ಕೆಂಪು ಮುಚ್ಚಳದ, 40ರ ಸಿರಿಂಜಿನಲ್ಲಿ ಅದೇ ಗೆರೆಗೆ 0.25 ಮಿ.ಲೀ. ಎರಡೂವರೆ ಪಟ್ಟು! ಔಷಧ ಅಂಗಡಿಯವರು ಒಂದು ಮಾತೂ ಕೇಳದೆ ಕೆಂಪು ಮುಚ್ಚಳದ್ದನ್ನೇ ಕೊಟ್ಟಿದ್ದಾರೆ. ನಮ್ಮ ತಾಯಿಯ ಇನ್ಸುಲಿನ್‌ಗೆ ನಾವು ಒಯ್ಯುವುದು ಅದನ್ನೇ ಅಲ್ಲವೇ. ರಾತ್ರಿಯಿಡೀ ವಾಂತಿ.

ನೀರಿನ ಕಥೆಯೂ ಇದೇ. ಒಂದೇ ಸೀಸೆಯಿಂದ ವಾರಗಟ್ಟಲೆ ತೆಗೆಯುವುದಾದರೆ ರೋಗಾಣು ಬೆಳೆಯದಂತೆ ತಡೆಯುವ ಬೆಂಜೈಲ್ ಆಲ್ಕೋಹಾಲ್ ಇರುವ ನೀರು ಬೇಕು. ಕೊಟ್ಟದ್ದು ಒಮ್ಮೆ ಒಡೆದರೆ ಉಳಿದದ್ದನ್ನು ಚೆಲ್ಲಬೇಕಾದ ಸಾದಾ ನೀರಿನ ಆಂಪೂಲ್. ನೀರನ್ನು ಪುಡಿಯ ಸೀಸೆಯ ಗೋಡೆಗುಂಟ ಮೆಲ್ಲಗೆ ಬಿಟ್ಟು, ಪುಡಿ ತಾನಾಗಿ ಕರಗಲು ಬಿಡಬೇಕು. ತರಬೇತುದಾರ ಮಹಾಶಯರು ಮಜ್ಜಿಗೆ ಕಡೆದಂತೆ ಕುಲುಕಿ ತೋರಿಸಿದ್ದಾರೆ. ಆ ಸೀಸೆಗೆ ಫ್ರಿಜ್‌ನಲ್ಲಿ ಜಾಗ ಮಾಡಲು ಹುಡುಗ ಅಜ್ಜಿಯ ಇನ್ಸುಲಿನ್ ಅನ್ನು ಫ್ರೀಜರಿಗೆ ತಳ್ಳಿದ. 2ರಿಂದ 8 ಡಿಗ್ರಿಯಲ್ಲಿರಬೇಕಾದ ಇನ್ಸುಲಿನ್ ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಚರಂಡಿಗೆ ಚೆಲ್ಲಿ, ಭಾನುವಾರ ಸಂಜೆ ಹೊಸದಕ್ಕಾಗಿ ಊರೆಲ್ಲ ಸುತ್ತಿದೆ. ಅರ್ಧ ಅಂಗಡಿಗಳಿಗೆ ಬೀಗ, ತೆರೆದಲ್ಲಿ ವಿದ್ಯುತ್ ಇಲ್ಲ. ವಿದ್ಯುತ್ ಹೋದರೆ ಅಂಗಡಿಯ ಫ್ರಿಜ್ ಎಷ್ಟು ಹೊತ್ತು ತಣ್ಣಗಿರುತ್ತದೆ ಎಂದು ಕೇಳಿದ್ದಕ್ಕೆ 'ಬೇಡವಾದರೆ ಬಿಡಿ' ಎಂಬ ಉತ್ತರ.

ಪುಡಿಯ ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ' ಎಂದು ಇಂಗ್ಲಿಷಿನಲ್ಲಿ ಇರುವೆ ಗಾತ್ರದಲ್ಲಿ ಅಚ್ಚಾಗಿದೆ. ಇದನ್ನು ಓದುವ ಕನ್ನಡಕ ಔಷಧ ಪರಿವೀಕ್ಷಕರ ಬಳಿ ಇಲ್ಲವೇ? 2024ರಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಐವಿ (ಡ್ರಿಪ್) ದ್ರಾವಣದ ಬಗ್ಗೆ ಎಷ್ಟೊಂದು ಗದ್ದಲವಾಯಿತು! ಅಮಾನತು, ಸಮಿತಿ, ಹೇಳಿಕೆ ಎಲ್ಲವೂ ಆದವು. ಈಗ ನೋಡಿದರೆ ಬೀದಿ ಬೀದಿಯ ಜಿಮ್‌ಗಳೇ ಔಷಧಾಲಯ. ಮೂರು ವರ್ಷದ ಹಿಂದೆ ಅವಧಿ ಮುಗಿದ ಕೆಮ್ಮಿನ ಸಿರಪ್ ಬಗ್ಗೆ ಇದೇ ಪರಿವೀಕ್ಷಕರ ಕಚೇರಿಗೆ ದೂರು ಕೊಟ್ಟಿದ್ದೆ. 'ನಿಮ್ಮ ಪತ್ರ ಸ್ವೀಕೃತವಾಗಿದೆ' ಎಂಬ ಸೀಲು ಮಾತ್ರ ನನ್ನ ಬಳಿ ಇದೆ.

ಆದ್ದರಿಂದ ಆ ಜಿಮ್ ಮುಚ್ಚಿಸಬೇಕು. ಸಿರಿಂಜು ಮಾರುವಾಗ 40ರದೋ 100ರದೋ ಎಂದು ಕೇಳಲೇಬೇಕೆಂಬ ನಿಯಮ ಮಾಡಬೇಕು. ನಿಯಮ ಈಗಾಗಲೇ ಇದ್ದರೆ ಅದನ್ನು ಪಾಲಿಸಬೇಕು. ಮತ್ತು ತಪಾಸಣೆಗೆ ಬರುವ ಮಹನೀಯರು ಹಿಂದಿನ ದಿನವೇ ಅಂಗಡಿಗಳಿಗೆ ಫೋನ್ ಮಾಡಿ ತಿಳಿಸುವ ಸೌಜನ್ಯವನ್ನು ಇನ್ನಾದರೂ ನಿಲ್ಲಿಸಲಿ.

— ನೊಂದ ಓದುಗ, ಮೈಸೂರು